ಬಿಡುವುದು, ಕೊಡುವುದು, ತೆಗೆಯುವುದು: ಗಡಿನಾಡ ಕನ್ನಡದಲ್ಲಿ ‘ಡಿಸ್ಕೌಂಟ್’ ಪದದ ಅರ್ಥ ಮತ್ತು ಬಳಕೆ

ಸಾರಾಂಶ

ಇಂಗ್ಲಿಷಿನ ‘ಡಿಸ್ಕೌಂಟ್’ ಪದವು ಇಂದು ಕನ್ನಡದ ದಿನಬಳಕೆಯ ಮಾತು. ಅದನ್ನು ‘ರಿಯಾಯಿತಿ’ಯ ಸಮಾನಾರ್ಥಕವೆಂದು ಭಾವಿಸುವುದು ರೂಢಿ. ಆಳಂದ ತಾಲೂಕಿನ ಖಜೂರಿ ಪರಿಸರದ ಕನ್ನಡವನ್ನು ಮುಂದಿಟ್ಟುಕೊಂಡು ಪ್ರಸ್ತುತ ಲೇಖನವು ಈ ಭಾವನೆಯನ್ನು ಪರಿಶೀಲಿಸುತ್ತದೆ. ಕನ್ನಡ, ಮರಾಠಿ ಮತ್ತು ದಖನಿ ಉರ್ದು ಕೂಡಿ ಬಾಳುವ ಈ ಪ್ರದೇಶದಲ್ಲಿ ಬೆಲೆ ಇಳಿಕೆಯನ್ನು ಹೇಳುವ ಬಿಡು, ಸೂಟು, ರಿಯಾಯಿತಿ, ಸೋಡಿ, ಕೊಸರು ಮುಂತಾದ ಪದಗಳು ಮೊದಲೇ ಇದ್ದವು. ಹೊಸ ಪದವು ಇವುಗಳನ್ನು ಹೊರದೂಡಲಿಲ್ಲ. ಮೊದಲೇ ಬರೆದಿಟ್ಟ ಬೆಲೆಯಿಂದ ಮಾರುವವನು ತಾನಾಗಿ ಘೋಷಿಸುವ ಇಳಿಕೆ ಎಂಬ ಒಂದೇ ನೆಲೆಯನ್ನು ಅದು ಹಿಡಿಯಿತು. ಈ ಅರ್ಥಕ್ಷೇತ್ರದ ನಾಮಪದಗಳು ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ತಾವಾಗಿ ಹೇಳುವುದಿಲ್ಲ. ಅದನ್ನು ಹೇಳುವುದು ಅವುಗಳೊಡನೆ ಬರುವ ಕ್ರಿಯಾಪದ. ಕ್ರಿಯಾಪದವಿಲ್ಲದ ಲೆಕ್ಕದ ಪಟ್ಟಿಯಲ್ಲಿ ಈ ಮಾಹಿತಿ ಅಳಿಸಿಹೋಗುತ್ತದೆ ಎಂಬುದು ಲೇಖನದ ಮುಖ್ಯ ವಾದ.

ಮುಖ್ಯ ಪದಗಳು: ಎರವಲು, ಅರ್ಥಸಂಕೋಚ, ಅರ್ಥಕ್ಷೇತ್ರ, ಭಾಷಾ ಸಂಪರ್ಕ, ಕಲಬುರಗಿ ಕನ್ನಡ, ವ್ಯಾಪಾರದ ಭಾಷೆ

1. ಪೀಠಿಕೆ

ಖಜೂರಿ ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಒಂದು ಹೋಬಳಿ ಕೇಂದ್ರ. ಆಳಂದದಿಂದ ಮಹಾರಾಷ್ಟ್ರದ ಉಮರ್ಗಾ ಕಡೆಗೆ ಹೋಗುವ ದಾರಿಯಲ್ಲಿ, ರಾಜ್ಯದ ಗಡಿಗೆ ಸಮೀಪದಲ್ಲಿದೆ. ಈ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು. 1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಅದು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಹೀಗಾಗಿ ಇಲ್ಲಿನ ಕನ್ನಡ ಮನೆಯಲ್ಲಿ ಒಂದು ಬಗೆ, ಬಜಾರಿನಲ್ಲಿ ಒಂದು ಬಗೆ, ಕಚೇರಿಯಲ್ಲಿ ಮತ್ತೊಂದು ಬಗೆ ಎಂಬಂತೆ ಬೆಳೆದಿದೆ. ಮಾರುವ, ಕೊಳ್ಳುವ, ಸಾಲ ಕೊಡುವ, ಲೆಕ್ಕ ಮುಗಿಸುವ ಮಾತುಗಳಲ್ಲಿ ಈ ಪದರಗಳು ಒಂದರ ಮೇಲೊಂದು ಕಾಣಸಿಗುತ್ತವೆ.

ಕನ್ನಡ, ಮರಾಠಿ, ಉರ್ದುಗಳ ಈ ತ್ರಿಕೋನ ಭಾಷಾವಿಜ್ಞಾನಿಗಳಿಗೆ ಹೊಸದಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡವನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಥ ಊರುಗಳಲ್ಲಿ ಪದಗಳು ಬೇರೆಬೇರೆಯಾಗಿ ಉಳಿದರೂ ವಾಕ್ಯರಚನೆಗಳು ಒಂದರ ಅಚ್ಚಿಗೆ ಇನ್ನೊಂದು ಹೊಂದಿಕೊಳ್ಳುವುದನ್ನು ತೋರಿಸಿತು. ಆ ಚರ್ಚೆ ಮುಖ್ಯವಾಗಿ ವ್ಯಾಕರಣವನ್ನು ಕುರಿತದ್ದು. ಪದಗಳು ಬೇರೆಯಾದರೂ ಅವುಗಳ ಹಿಂದಿನ ರೂಪಕ ಒಂದೇ ಆಗಿರಬಲ್ಲದು ಎಂಬುದನ್ನು ಬೆಲೆ ಇಳಿಕೆಯ ಮಾತುಗಳಿಂದ ತೋರಿಸಬಹುದು. ಅನಂತರವೇ ಇಂಗ್ಲಿಷಿನ ಪದಕ್ಕೆ ಇಲ್ಲಿ ಜಾಗ ಸಿಕ್ಕಿದ್ದೇಕೆ ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ.

ಲೇಖನದಲ್ಲಿ ಕೊಟ್ಟಿರುವ ಉದಾಹರಣೆಗಳು ಈ ಭಾಗದ ದಿನಬಳಕೆಯ ಮಾದರಿಗಳು. ಬಳಕೆಗೆ ಒಗ್ಗದ ವಾಕ್ಯಗಳ ಮುಂದೆ ನಕ್ಷತ್ರ ಚಿಹ್ನೆ ಇಡಲಾಗಿದೆ.

2. ಇಂಗ್ಲಿಷಿನಲ್ಲಿ ಪದದ ಹರಹು

‘ಡಿಸ್ಕೌಂಟ್’ ಇಂಗ್ಲಿಷಿಗೆ 17ನೆಯ ಶತಮಾನದಲ್ಲಿ ಫ್ರೆಂಚಿನಿಂದ ಬಂದಿತು. ಅದರ ಹಿಂದಿರುವುದು ಮಧ್ಯಕಾಲೀನ ಲ್ಯಾಟಿನ್ನಿನ ‘ಡಿಸ್ಕಂಪ್ಯುಟಾರೆ’. ಎಣಿಸು, ಲೆಕ್ಕ ಹಾಕು ಎಂಬ ಅರ್ಥದ ‘ಕಂಪ್ಯುಟಾರೆ’ಗೆ ‘ಬೇರೆ ಮಾಡು’ ಎಂಬರ್ಥದ ಪೂರ್ವಪ್ರತ್ಯಯ ಸೇರಿ ಆದ ಪದ ಇದು. ಕೌಂಟ್, ಅಕೌಂಟ್, ಕಂಪ್ಯೂಟರ್ ಎಂಬ ಪರಿಚಿತ ಪದಗಳೆಲ್ಲ ಇದೇ ಮೂಲದವು. ಅಂದರೆ ಪದದ ತಿರುಳಿನಲ್ಲಿ ಬೆಲೆ ಇಲ್ಲ. ಇರುವುದು ‘ಲೆಕ್ಕದಿಂದ ಹೊರಗಿಡು’ ಎಂಬ ಕ್ರಿಯೆ.

ಈ ತಿರುಳಿನಿಂದ ಇಂಗ್ಲಿಷಿನಲ್ಲಿ ನಾಲ್ಕು ಅರ್ಥಗಳು ಕವಲೊಡೆದಿವೆ. ಮೊದಲನೆಯದು, ಪಟ್ಟಿಯ ಬೆಲೆಯಲ್ಲಿ ಮಾಡುವ ಇಳಿಕೆ. ಎರಡನೆಯದು, ಅವಧಿಗೆ ಮುನ್ನ ಹಣ ತೀರಿಸಿದವರಿಗೆ ಬಿಡುವ ಮೊತ್ತ. ಮೂರನೆಯದು, ಹುಂಡಿಯನ್ನು ಅದರ ಅವಧಿಗೆ ಮೊದಲೇ ಬಡ್ಡಿ ಕಳೆದು ನಗದಾಗಿಸುವ ಬ್ಯಾಂಕಿನ ವ್ಯವಹಾರ. ನಾಲ್ಕನೆಯದು ಹಣಕ್ಕೆ ಸಂಬಂಧಿಸಿದ್ದಲ್ಲ: ಒಬ್ಬರ ಮಾತನ್ನು ಅಥವಾ ಒಂದು ಸಾಧ್ಯತೆಯನ್ನು ಗಣನೆಗೆ ತೆಗೆದುಕೊಳ್ಳದಿರುವುದು. ನಾಮಪದದಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ. ನಾಲ್ಕನೆಯ ಅರ್ಥದ ಕ್ರಿಯಾಪದದಲ್ಲಿ ಅದು ಸಾಮಾನ್ಯವಾಗಿ ಎರಡನೆಯದಕ್ಕೆ ಸರಿಯುತ್ತದೆ.

3. ಕನ್ನಡಕ್ಕೆ ಬಂದದ್ದು ಎಷ್ಟು?

ಕನ್ನಡದ ಆಡುಮಾತು ಈ ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ ಸ್ವೀಕರಿಸಿದೆ. ಎರವಲು ಪದಗಳಲ್ಲಿ ಅರ್ಥಸಂಕೋಚ ಸಾಮಾನ್ಯ ಸಂಗತಿ. ಆದರೆ ಯಾವ ಅರ್ಥ ಬಿಟ್ಟುಹೋಯಿತು ಎಂಬುದಕ್ಕೆ ಇಲ್ಲಿ ಕಾರಣಗಳಿವೆ.

ನಾಲ್ಕನೆಯ ಅರ್ಥಕ್ಕೆ ಕನ್ನಡದಲ್ಲಿ ‘ಕಡೆಗಣಿಸು’ ಇದೆ.  ‘ಲೆಕ್ಕಿಸದೆ’, ‘ಲೆಕ್ಕಕ್ಕೆ ಹಿಡಿಯದೆ’ ಎಂಬ ಪ್ರಯೋಗಗಳೂ ಇದೇ ಜಾಡಿನವು. ಎಣಿಕೆಯಿಂದ ಹೊರಗಿಡುವುದು ಎಂದರೆ ಉಪೇಕ್ಷಿಸುವುದು ಎಂಬ ಸಮೀಕರಣವನ್ನು ಲ್ಯಾಟಿನ್ ಮೂಲದ ಪದವೂ ಕನ್ನಡದ ಈ ಪ್ರಯೋಗಗಳೂ ಬೇರೆಬೇರೆಯಾಗಿಯೇ ಕಂಡುಕೊಂಡಿವೆ. ಆ ಜಾಗ ಮೊದಲೇ ತುಂಬಿದ್ದುದರಿಂದ ಎರವಲಿಗೆ ಅಲ್ಲಿ ಕೆಲಸವಿರಲಿಲ್ಲ. ಮೂರನೆಯ ಅರ್ಥಕ್ಕೆ ಮರಾಠಿಯ ‘ವಟವಣೆ’ಯ ಬಳಗಕ್ಕೆ ಸೇರಿದ ‘ವಟಾಯಿಸು’ ವಾಣಿಜ್ಯದ ಕನ್ನಡದಲ್ಲಿ ನೆಲೆಸಿದೆ. ಎರಡನೆಯದಕ್ಕೆ ಖಜೂರಿ ಭಾಗದಲ್ಲಿ ‘ಸೂಟು’ ಇದೆ. ಅದನ್ನು ಮುಂದೆ ನೋಡೋಣ.

ತಮಿಳಿನ ‘ತಳ್ಳುಪಡಿ’ ಇಲ್ಲಿ ಹೋಲಿಕೆಗೆ ಒದಗುತ್ತದೆ. ‘ತಳ್ಳು’ ಧಾತುವಿನಿಂದಾದ ಆ ಪದ ಅಂಗಡಿಯ ಬೆಲೆ ಇಳಿಕೆಯನ್ನೂ ಸಾಲಮನ್ನಾವನ್ನೂ ನ್ಯಾಯಾಲಯದಲ್ಲಿ ಅರ್ಜಿ ವಜಾ ಆಗುವುದನ್ನೂ ಹೇಳುತ್ತದೆ. ಇಂಗ್ಲಿಷಿನ ಪದದಲ್ಲಿ ಕೂಡಿಕೊಂಡಿರುವ ಹಣದ ಅರ್ಥ ಮತ್ತು ಉಪೇಕ್ಷೆಯ ಅರ್ಥ ತಮಿಳಿನಲ್ಲಿಯೂ ಒಂದೇ ಪದದಡಿ ಕೂಡಿವೆ. ಕನ್ನಡದಲ್ಲಿಯೂ ‘ತಳ್ಳು’ ಇದೆ, ‘ಅರ್ಜಿಯನ್ನು ತಳ್ಳಿಹಾಕು’ ಎಂಬ ಪ್ರಯೋಗವಿದೆ; ಆದರೆ ಬೆಲೆಯ ವಿಷಯಕ್ಕೆ ಅದು ಬರಲಿಲ್ಲ. ಇಲ್ಲಿ ಬೇರೊಂದು ರೂಪಕ ಆ ಕೆಲಸ ಮಾಡುತ್ತಿತ್ತು.

ರೂಪದ ದೃಷ್ಟಿಯಿಂದ ಹೆಚ್ಚು ಹೇಳಬೇಕಾದ್ದಿಲ್ಲ. ಇಂಗ್ಲಿಷಿನ ವರ್ತ್ಸ್ಯ ಧ್ವನಿಗಳು ಎಂದಿನಂತೆ ಮೂರ್ಧನ್ಯಗಳಾಗಿವೆ. ವಿಭಕ್ತಿ ಸೇರುವಾಗ ಪದಾಂತ್ಯದಲ್ಲಿ ಸ್ವರ ಬರುತ್ತದೆ (ಡಿಸ್ಕೌಂಟಿನಾಗ ತಗೊಂಡೆ). ‘ಬದಲಾಯಿಸು’, ‘ಜಮಾಯಿಸು’ಗಳಂತೆ ‘ಡಿಸ್ಕೌಂಟಿಸು’ ಎಂಬ ರೂಪ ಹುಟ್ಟಲಿಲ್ಲ. ಇತ್ತೀಚಿನ ಹೆಚ್ಚಿನ ಇಂಗ್ಲಿಷ್ ಎರವಲುಗಳಂತೆ ಇದೂ ನಾಮಪದವಾಗಿ ಉಳಿದು ಕನ್ನಡದ ಕ್ರಿಯಾಪದವನ್ನು ಆಶ್ರಯಿಸಿದೆ. ಈ ಆಶ್ರಯವೇ ಮುಂದಿನ ವಾದಕ್ಕೆ ಮುಖ್ಯ.

4. ಮೊದಲೇ ಇದ್ದ ಪದಗಳು

4.1 ಬಿಡು, ಸೂಟು, ಛೂಟ್

ಸಂತೆಯಲ್ಲಿ ಬೆಲೆ ಇಳಿಸಲು ಕೇಳುವ ಸಹಜ ಮಾತು ಹೀಗಿರುತ್ತದೆ:

(1) ಕಾಕಾ, ಹತ್ತು ರೂಪಾಯಿ ಬಿಟ್ಟು ಕೊಡ್ರಿ.

‘ಬಿಡು’ ಎಂದರೆ ಹಿಡಿತ ಸಡಿಲಿಸು. ಮಾರುವವನಿಗೆ ಹತ್ತು ರೂಪಾಯಿಯ ಮೇಲೆ ಹಿಡಿತವಿದೆ, ಅದನ್ನು ಅವನು ಸಡಿಲಿಸಬೇಕು ಎಂಬುದು ಇಲ್ಲಿನ ಕಲ್ಪನೆ. ಮರಾಠಿಯಲ್ಲಿ ಇದೇ ಕೋರಿಕೆಗೆ ‘ಸೋಡಣೆ’ ಬರುತ್ತದೆ, ದಖನಿಯಲ್ಲಿ ‘ಛೋಡ್ನಾ’. ಬೆಲೆ ಇಳಿಕೆಯ ನಾಮಪದ ಮರಾಠಿಯಲ್ಲಿ ‘ಸೂಟ್’, ಹಿಂದಿ–ಉರ್ದುವಿನಲ್ಲಿ ‘ಛೂಟ್’. ಇವೆರಡೂ ಸಜಾತಿ ಪದಗಳು: ಹಿಂದಿಯ ‘ಛುರಿ’ಗೆ ಮರಾಠಿಯಲ್ಲಿ ‘ಸುರಿ’, ‘ಛಾಲ್’ಗೆ ‘ಸಾಲ್’ ಇರುವಂತೆ ‘ಛೂಟ್’ಗೆ ‘ಸೂಟ್’. ಎರಡೂ ‘ಬಿಡುಗಡೆಯಾಗು’ ಎಂಬರ್ಥದ ಧಾತುವಿನಿಂದ ಬಂದಿವೆ.

ಮರಾಠಿಯ ಪದ ಗಡಿನಾಡ ಕನ್ನಡಕ್ಕೆ ಎರಡು ರೂಪದಲ್ಲಿ ಬಂದಿದೆ. ಹಣದ ವಿಷಯದಲ್ಲಿ ‘ಸೂಟು’ ಅಥವಾ ‘ಸೂಟ್’. ಶಾಲೆ, ಕಚೇರಿಗಳ ರಜೆಗೆ ‘ಸೂಟಿ’. ಉತ್ತರ ಕರ್ನಾಟಕದ ಮಕ್ಕಳಿಗೆ ‘ಸಾಲಿಗಿ ಸೂಟಿ’ ಎಂಬುದಕ್ಕಿಂತ ಹಿತವಾದ ಮಾತು ಇರಲಾರದು. ಹಿಂದಿಯಲ್ಲಿ ‘ಛೂಟ್’, ‘ಛುಟ್ಟಿ’ಗಳದೂ ಇದೇ ಜೋಡಿ. ಕನ್ನಡದ ದೇಸಿ ಧಾತುವಿನಲ್ಲಿಯೂ ಇದು ಕಾಣುತ್ತದೆ: ‘ಹತ್ತು ರೂಪಾಯಿ ಬಿಡು’ ಒಂದೆಡೆ, ‘ಸಾಲಿ ಬಿಟ್ಟಿತು’, ‘ಬಿಡುವು’ ಇನ್ನೊಂದೆಡೆ. ಹಣದ ಹೊರೆಯಿಂದ ಬಿಡುಗಡೆ, ಕೆಲಸದ ಹೊರೆಯಿಂದ ಬಿಡುಗಡೆ ಎಂಬ ಎರಡು ಅರ್ಥಗಳು ಮೂರೂ ಭಾಷೆಗಳಲ್ಲಿ ಒಂದೊಂದು ಧಾತುವಿನಿಂದಲೇ ಮೂಡಿವೆ. ಪದಗಳು ಬೇರೆ, ರೂಪಕ ಒಂದೇ. ಯಾರು ಯಾರಿಂದ ಕಲಿತರು ಎಂಬ ಪ್ರಶ್ನೆಗಿಂತ, ಇಂಥ ಹೊಂದಾಣಿಕೆಯಿರುವಲ್ಲಿ ಒಂದು ಭಾಷೆಯ ಪದ ಇನ್ನೊಂದಕ್ಕೆ ತಡೆಯಿಲ್ಲದೆ ದಾಟುತ್ತದೆ ಎಂಬುದು ಮುಖ್ಯ. ‘ಸೂಟು’ ಕೇಳಿದ ಕನ್ನಡಿಗನಿಗೆ ಅದು ‘ಬಿಡು’ವಿನ ನಾಮಪದವಾಗಿಯೇ ತೋರುತ್ತದೆ.

ಕನ್ನಡದ ‘ಬಿಡು’ವಿನಲ್ಲಿ ಒಂದು ವಿಶೇಷವಿದೆ. ಮರಾಠಿಯಲ್ಲಿ ಅಕರ್ಮಕ ‘ಸುಟಣೆ’ ಬೇರೆ, ಸಕರ್ಮಕ ‘ಸೋಡಣೆ’ ಬೇರೆ. ಕನ್ನಡದಲ್ಲಿ ‘ಮಳಿ ಬಿಟ್ಟಿತು’, ‘ಊರು ಬಿಟ್ಟ’ ಎಂದು ಒಂದೇ ರೂಪ ಎರಡೂ ಕೆಲಸ ಮಾಡುತ್ತದೆ. ವಾಣಿಜ್ಯ ಪಠ್ಯಗಳಲ್ಲಿ ಕಾಣುವ ‘ಸೋಡಿ’ ಎಂಬ ಪದ ಮರಾಠಿಯ ಸಕರ್ಮಕ ರೂಪದ ಬಳಗದ್ದೆಂದು ತೋರುತ್ತದೆ. ಹಾಗಿದ್ದರೆ ಒಂದೇ ಮರಾಠಿ ಧಾತುವಿನ ಎರಡು ರೂಪಗಳು ಕನ್ನಡದಲ್ಲಿ ಎರಡು ಶೈಲಿಗಳಿಗೆ ಹಂಚಿಹೋಗಿವೆ: ಬಜಾರಿಗೆ ಸೂಟು, ಪಠ್ಯಪುಸ್ತಕಕ್ಕೆ ಸೋಡಿ.

4.2 ರಿಯಾಯಿತಿ

‘ರಿಯಾಯಿತಿ’ ಅರಬ್ಬಿಯಿಂದ ಪಾರಸಿ, ಉರ್ದುಗಳ ಮೂಲಕ ಬಂದ ಪದ. ಮೂಲದಲ್ಲಿ ಅದು ಬೆಲೆಯ ಮಾತಲ್ಲ. ಲಕ್ಷ್ಯ, ಕಾಳಜಿ, ದಯೆ ಎಂಬ ಅರ್ಥದ್ದು. ಅರಬ್ಬಿಯಲ್ಲಿ ಹಿಂಡನ್ನು ಮೇಯಿಸು, ಕಾಯು ಎಂಬ ಧಾತುವಿನಿಂದ ಅದು ಹುಟ್ಟಿದೆ. ಅದೇ ಧಾತುವಿನಿಂದ ‘ಕಾಯಲ್ಪಡುವವರು, ಪ್ರಜೆಗಳು’ ಎಂಬರ್ಥದ ‘ರಯ್ಯತ್’ ಹುಟ್ಟಿತು. ಅದು ನಮ್ಮ ‘ರೈತ’. ರೈತ ಮತ್ತು ರಿಯಾಯಿತಿ ಒಂದೇ ತಾಯಿಬೇರಿನ ಪದಗಳು. ಕಾಯುವ ದೊರೆ, ಕಾಯಲ್ಪಡುವ ಪ್ರಜೆ, ಮೇಲಿನಿಂದ ಕೆಳಕ್ಕೆ ಹರಿಯುವ ದಯೆ ಎಂಬ ಚಿತ್ರ ಈ ಪದದ ಹಿಂದಿದೆ.

ಇಂದಿನ ಬಳಕೆಯಲ್ಲಿಯೂ ಆ ಚಿತ್ರ ಪೂರ್ತಿ ಮಾಸಿಲ್ಲ. ವಿದ್ಯಾರ್ಥಿಗಳ ಬಸ್ ಪಾಸು ‘ರಿಯಾಯಿತಿ ಪಾಸು’. ನವೆಂಬರ್ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪುಸ್ತಕಗಳನ್ನು ಶೇ. 50ರ ‘ರಿಯಾಯಿತಿ’ಯಲ್ಲಿ ಮಾರುತ್ತದೆ. 2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಸಂಚಾರ ದಂಡದ ಅರ್ಧವನ್ನು ಬಿಟ್ಟಾಗಲೂ ಪತ್ರಿಕೆಗಳು ಬಳಸಿದ ಪದ ‘ರಿಯಾಯಿತಿ’. ಜನರ ಬಾಯಲ್ಲಿ ಮಾತ್ರ ಅದು ‘ಡಿಸ್ಕೌಂಟ್’ ಆಯಿತು. ಈ ಕೊನೆಯ ಪ್ರಯೋಗದಲ್ಲಿ ನಗೆಯ ಎಳೆಯಿದೆ. ದಂಡವನ್ನು ಸರಕಿನಂತೆಯೂ ಪೊಲೀಸ್ ಇಲಾಖೆಯನ್ನು ಅಂಗಡಿಯಂತೆಯೂ ಕಾಣಿಸುವುದರಿಂದ ಆ ನಗೆ ಹುಟ್ಟುತ್ತದೆ. ಎರಡು ಪದಗಳು ನಿಜಕ್ಕೂ ಸಮಾನಾರ್ಥಕಗಳಾಗಿದ್ದರೆ ಈ ವಿನೋದಕ್ಕೆ ಎಡೆಯಿರುತ್ತಿರಲಿಲ್ಲ.

4.3 ಕೊಸರು

ಕನ್ನಡ, ತೆಲುಗುಗಳ ‘ಕೊಸರು’, ತಮಿಳಿನ ‘ಕೊಸುರು’ ಇನ್ನೊಂದು ದಾರಿ ತೋರಿಸುತ್ತವೆ. ಕೊಸರು ಎಂದರೆ ಅಳತೆ, ತೂಕ ಮುಗಿದ ಮೇಲೆ ಕೇಳಿ ಪಡೆಯುವ ಹಿಡಿಯಷ್ಟು ಹೆಚ್ಚಿನ ಸರಕು. ಇಲ್ಲಿ ಬೆಲೆ ಕದಲುವುದಿಲ್ಲ, ಸರಕು ಹೆಚ್ಚುತ್ತದೆ. ಡಿಸ್ಕೌಂಟಿನಲ್ಲಿ ಸರಕು ಕದಲುವುದಿಲ್ಲ, ಬೆಲೆ ಇಳಿಯುತ್ತದೆ. ಗಣಿತಕ್ಕೆ ಎರಡೂ ಒಂದೇ. ಭಾಷೆಗೆ ಒಂದಲ್ಲ: ಕೊಸರನ್ನು ಶೇಕಡಾ ಲೆಕ್ಕದಲ್ಲಿ ಯಾರೂ ಹೇಳುವುದಿಲ್ಲ, ಫಲಕದ ಮೇಲೆ ಬರೆಯುವುದಿಲ್ಲ, ಬರುವ ಗಿರಾಕಿಗೆಲ್ಲ ಒಂದೇ ಅಳತೆಯಲ್ಲಿ ಕೊಡುವುದಿಲ್ಲ. ಅದು ಕೈಗೆ ಕೈ ತಾಗುವ ವ್ಯವಹಾರದ ಪದ.

5. ‘ಡಿಸ್ಕೌಂಟ್’ ಹಿಡಿದ ನೆಲೆ

ಇಷ್ಟು ಪದಗಳಿರುವ ಕ್ಷೇತ್ರಕ್ಕೆ ಬಂದ ಹೊಸ ಪದದ ಬಳಕೆ ಹೀಗಿದೆ:

(2) ಅಂಗಿ ಮ್ಯಾಲ ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟ್ ಅದ.
(3) *ಬದನಿಕಾಯಿ ಮ್ಯಾಲ ಡಿಸ್ಕೌಂಟ್ ಅದ.

ಸಂತೆಯ ಬದನೆಕಾಯಿಯ ಬಗ್ಗೆ (3) ಒಗ್ಗುವುದಿಲ್ಲ. ಅದೇ ಬದನೆಕಾಯಿ ನಗರದ ಸೂಪರ್ ಮಾರ್ಕೆಟಿನಲ್ಲಿ ದರದ ಚೀಟಿ ಅಂಟಿಸಿಕೊಂಡು ಕೂತರೆ ಒಗ್ಗುತ್ತದೆ. ಆದ್ದರಿಂದ ವ್ಯತ್ಯಾಸ ಸರಕಿನದಲ್ಲ. ಸಂತೆಯಲ್ಲಿ ಮಾರುವವನು ಮೊದಲು ಹೇಳುವ ಬೆಲೆ ಮಾತಿನ ಆರಂಭವೇ ಹೊರತು ಬೆಲೆಯಲ್ಲ; ಇಳಿಕೆಯನ್ನು ಅಳೆಯಲು ಅಲ್ಲಿ ನಿಂತ ಗೆರೆಯಿಲ್ಲ. ಬಟ್ಟೆಯ ಚೀಟಿ, ಪೊಟ್ಟಣದ ಮೇಲಿನ ಎಂ.ಆರ್.ಪಿ. ಆ ಗೆರೆಯನ್ನು ಎಳೆಯುತ್ತವೆ. ಪೊಟ್ಟಣದ ಸರಕುಗಳ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆಯನ್ನು ಮುದ್ರಿಸಬೇಕೆಂಬ ಕಾನೂನು ಬಂದ ಮೇಲೆ ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಬರೆದ ಬೆಲೆ ಕಾಣುವಂತಾಯಿತು. ‘ಡಿಸ್ಕೌಂಟ್’ ಹಳ್ಳಿಯ ಮಾತಾಗಲು ಅದು ನೆಲ ಹದಮಾಡಿತು ಎನ್ನಬಹುದು. ಬರಹದೊಂದಿಗಿನ ಈ ನಂಟು ಕಾನೂನಿನ ಭಾಷೆಯಲ್ಲಿಯೂ ಇದೆ: 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 15ನೆಯ ಪ್ರಕರಣದ ಪ್ರಕಾರ, ಮಾರಾಟಕ್ಕೆ ಮುನ್ನ ಅಥವಾ ಮಾರಾಟದ ವೇಳೆ ಕೊಟ್ಟ ಡಿಸ್ಕೌಂಟನ್ನು ತೆರಿಗೆಯ ಲೆಕ್ಕದಿಂದ ಕಳೆಯಬೇಕಾದರೆ ಅದು ಬಿಲ್ಲಿನಲ್ಲಿ ದಾಖಲಾಗಿರಬೇಕು.

ಸಹಪ್ರಯೋಗಗಳೂ ಇದನ್ನೇ ಸೂಚಿಸುತ್ತವೆ. ‘ಬಿಡು’ವಿನ ಜೊತೆ ಬರುವ ಸಂಖ್ಯೆ ರೂಪಾಯಿಯದು, ‘ಡಿಸ್ಕೌಂಟ್’ ಜೊತೆ ಹೆಚ್ಚಾಗಿ ಬರುವುದು ಪರ್ಸೆಂಟು. ಶೇಕಡಾ ಲೆಕ್ಕಕ್ಕೆ ಒಂದು ನಿಂತ ಮೊತ್ತ ಬೇಕೇ ಬೇಕು.

ಇನ್ನು ಕೋರಿಕೆಯ ಮಾತು. ಪೇಟೆಯ ಅಂಗಡಿಗಳಲ್ಲಿ, ಅದರಲ್ಲೂ ಎಳೆಯರ ಬಾಯಲ್ಲಿ, (1)ರ ಬದಲು ಇಂಥ ಮಾತು ಕೇಳಿಬರುತ್ತದೆ:

(4) ಡಿಸ್ಕೌಂಟ್ ಏನರ ಅದ ಏನ್ರಿ?

(1)ರಲ್ಲಿ ಕರ್ತೃವಿದ್ದಾನೆ: ಬಿಡಬೇಕಾದವನು ಕಾಕಾ, ಕಳೆದುಕೊಳ್ಳುವವನೂ ಅವನೇ. ಅದಕ್ಕೇ ಅಲ್ಲಿ ಬಂಧುವಾಚಕ ಬೇಕಾಯಿತು. (4)ರಲ್ಲಿ ಕರ್ತೃವೇ ಇಲ್ಲ. ಇರುವುದು ಅಸ್ತಿತ್ವವನ್ನು ಹೇಳುವ ‘ಅದ’. ಕೇಳುವವರು ಏನನ್ನೂ ಬೇಡುತ್ತಿಲ್ಲ, ಇರುವ ಸಂಗತಿಯೊಂದನ್ನು ವಿಚಾರಿಸುತ್ತಿದ್ದಾರೆ. ಇಲ್ಲವೆಂದರೆ ಇಬ್ಬರ ಮುಖವೂ ಉಳಿಯುತ್ತದೆ. ಬೇಡಿಕೆಯನ್ನು ವಿಚಾರಣೆಯ ವೇಷದಲ್ಲಿ ಇಡುವ ಈ ಉಪಾಯ ತೀರ ಹೊಸದೇನಲ್ಲ. ಕನ್ನಡದ ‘ಚೌಕಾಸಿ’ ಮರಾಠಿಯ ‘ಚೌಕಶಿ’ಗೆ ಸಂಬಂಧಿಸಿದ ಪದ; ಅಲ್ಲಿ ಅದರ ಅರ್ಥ ವಿಚಾರಣೆ. ಉತ್ತರ ಕರ್ನಾಟಕದಲ್ಲಿ ಆ ಅರ್ಥ ಇಂದಿಗೂ ಬಳಕೆಯಲ್ಲಿದೆ. ಬೆಲೆ ವಿಚಾರಿಸುವುದೇ ಬೆಲೆ ಇಳಿಸಲು ಕೇಳುವುದಾಗಿ ಒಮ್ಮೆ ಬದಲಾಗಿತ್ತು. (4)ರಲ್ಲಿ ಅದೇ ಹಾದಿ ಹೊಸ ಪದದೊಂದಿಗೆ ಮರುಕಳಿಸಿದೆ.

‘ಡಿಸ್ಕೌಂಟ್ ಮಾಡಿ ಕೊಡ್ರಿ’ ಎಂಬ ಪ್ರಯೋಗವೂ ಉಂಟು. ಇಲ್ಲಿ ಪದವು ‘ಕಡಿಮಿ ಮಾಡ್ರಿ’ಯ ಅಚ್ಚಿಗೆ ಇಳಿದು ಚೌಕಾಸಿಯ ಕಡೆಗೆ ಸರಿಯುತ್ತಿದೆ. ಎರವಲು ಪದ ತನ್ನ ನೆಲೆಯಿಂದ ವಿಸ್ತರಿಸತೊಡಗಿರುವ ಸೂಚನೆ ಇದು. ಆದರೂ ಅದು ಅಂಗಡಿಯೊಳಗೆ, ಬರೆದ ಬೆಲೆಯ ಎದುರಿನಲ್ಲಿ ಆಡುವ ಮಾತಾಗಿಯೇ ಉಳಿದಿದೆ.

6. ‘ಸೂಟು’ ಯಾರಿಗೆ?

ಈವರೆಗಿನ ಉದಾಹರಣೆಗಳಲ್ಲಿ ಇಳಿಕೆಯ ಫಲ ಕೊಳ್ಳುವವನಿಗೆ ಸಿಕ್ಕಿತು. ಕಿರಾಣಿ ಅಂಗಡಿಯ ಸಾಲದ ಲೆಕ್ಕದಲ್ಲಿಯೂ ಹಾಗೆಯೇ:

(5) ಉದ್ರಿ ಪೂರಾ ಮುಟ್ಟಿಸಿದ್ರ ಐವತ್ತು ರೂಪಾಯಿ ಸೂಟ್ ಕೊಡ್ತೀನಿ.

ಕೊಡುವವನು ಅಂಗಡಿಯವನು, ಪಡೆಯುವವನು ಗಿರಾಕಿ. ಇದೇ ಪದ ಬೆಳೆ ಮಾರುವ ಅಡತಿ ಅಂಗಡಿಯಲ್ಲಿ ಬೇರೆಯಾಗಿ ಕೇಳಿಸುತ್ತದೆ:

(6) ಚೀಲಕ್ಕ ಒಂದು ಕಿಲೋ ಸೂಟು ತಗದಾರ.

ತೇವ, ಕಸ, ಚೀಲದ ಭಾರ ಎಂಬ ಯಾವುದಾದರೂ ಕಾರಣಕ್ಕೆ ರೈತ ತಂದ ಕಾಳಿನ ತೂಕದಲ್ಲಿ ಕಳೆಯುವ ಪಾಲು ಇಲ್ಲಿನ ಸೂಟು. ಬಿಡುಗಡೆ ಯಾರಿಗೆ? ಕೊಳ್ಳುವ ವ್ಯಾಪಾರಿಗೆ. ಅಷ್ಟು ತೂಕಕ್ಕೆ ಹಣ ಕೊಡುವ ಹೊಣೆಯಿಂದ ಅವನು ಬಿಡುಗಡೆಯಾದ. ವ್ಯುತ್ಪತ್ತಿಯ ದೃಷ್ಟಿಯಿಂದ ಇದು ತಪ್ಪು ಬಳಕೆಯಲ್ಲ. ಚಾರ್ಲ್ಸ್ ಫಿಲ್ಮೋರ್ ತೋರಿಸಿಕೊಟ್ಟಂತೆ, ವ್ಯಾಪಾರ ಎಂಬ ಒಂದೇ ಘಟನಾಚೌಕಟ್ಟನ್ನು ಕೊಳ್ಳುವವನ ಕಡೆಯಿಂದಲೂ ನೋಡಬಹುದು, ಮಾರುವವನ ಕಡೆಯಿಂದಲೂ ನೋಡಬಹುದು. ಕೊಳ್ಳು, ಮಾರು, ತೆರು ಎಂಬ ಕ್ರಿಯಾಪದಗಳ ವ್ಯತ್ಯಾಸ ಬಹುಮಟ್ಟಿಗೆ ಈ ನೋಟದ ವ್ಯತ್ಯಾಸ. ‘ಸೂಟು’ ನಾಮಪದವಾದ್ದರಿಂದ ಅದಕ್ಕೆ ಸ್ವಂತ ನೋಟವಿಲ್ಲ. ಬಿಡುಗಡೆಯೊಂದು ನಡೆದಿದೆ ಎಂದಷ್ಟೇ ಅದು ಹೇಳುತ್ತದೆ. ಬಿಟ್ಟವರು ಯಾರು, ಬಿಡುಗಡೆಗೊಂಡವರು ಯಾರು ಎಂದು ಹೇಳುವುದಿಲ್ಲ.

ಆಡುವವರು ಈ ಕೊರತೆಯನ್ನು ಕ್ರಿಯಾಪದದಿಂದ ತುಂಬುತ್ತಾರೆ. ಅಂಗಡಿಯಲ್ಲಿ ಸೂಟು ‘ಕೊಡುತ್ತಾರೆ’, ಅದು ‘ಸಿಗುತ್ತದೆ’. ಅಡತಿಯಲ್ಲಿ ಸೂಟು ‘ತೆಗೆಯುತ್ತಾರೆ’, ‘ಹಿಡಿಯುತ್ತಾರೆ’. ‘ರೈತ ಸೂಟು ಕೊಟ್ಟ’ ಎಂದು ರೈತರು ತಮ್ಮ ಬಗ್ಗೆ ಹೇಳಿಕೊಳ್ಳುವುದು ಸಹಜವಲ್ಲ. ತಮಗೆ ಒಪ್ಪಿಗೆ ಕೇಳಲಿಲ್ಲ ಎಂಬುದನ್ನು ‘ತೆಗೆ’, ‘ಹಿಡಿ’ಗಳು ದಾಖಲಿಸುತ್ತವೆ. ಸಂಬಳದಲ್ಲಿ ಹಣ ಕಳೆದುಕೊಂಡಾಗ ‘ಪಗಾರದಾಗ ಹಿಡದಾರ’, ‘ಮುರಕೊಂಡಾರ’ ಎನ್ನುವುದೂ ಇದೇ ವರ್ಗದ ಮಾತು. ಹೀಗೆ ಆಡುಮಾತಿನ ವ್ಯಾಕರಣ ಎರಡು ವ್ಯವಹಾರಗಳನ್ನು ತಪ್ಪದೆ ಬೇರ್ಪಡಿಸುತ್ತದೆ.

ತೊಂದರೆ ಇರುವುದು ಬರಹದಲ್ಲಿ. ಲೆಕ್ಕದ ಪಟ್ಟಿಯ ಅಂಕಣಕ್ಕೆ ತಲೆಬರಹವಿರುತ್ತದೆ, ಅದರ ಕೆಳಗೆ ಸಂಖ್ಯೆ ಇರುತ್ತದೆ, ಕ್ರಿಯಾಪದವಿರುವುದಿಲ್ಲ. ತಲೆಬರಹ ‘ಸೂಟು’ ಎಂದಿದ್ದರೆ ಕೊಟ್ಟದ್ದೋ ತೆಗೆದದ್ದೋ ಎಂಬುದು ಅಳಿಸಿಹೋಗುತ್ತದೆ. ಅದನ್ನು ‘ಡಿಸ್ಕೌಂಟ್’ ಎಂದೋ ‘ರಿಯಾಯಿತಿ’ ಎಂದೋ ಅನುವಾದಿಸಿದರೆ ಇನ್ನೂ ಕೆಡುತ್ತದೆ: ಮೊದಲ ಪದ ಅದನ್ನು ಮಾರುವವನೇ ಘೋಷಿಸಿದ ಇಳಿಕೆಯಾಗಿಸುತ್ತದೆ, ಎರಡನೆಯದು ಅದಕ್ಕೆ ದಯೆಯ ಬಣ್ಣ ಬಳಿಯುತ್ತದೆ. ಮಾರುವವನು ಇಲ್ಲಿ ರೈತ. ಅವನು ಘೋಷಿಸಿದ್ದೂ ಇಲ್ಲ, ದಯೆ ತೋರಿದ್ದೂ ಇಲ್ಲ.

ಇಂಗ್ಲಿಷಿನ ಮಾರುಕಟ್ಟೆ ಕಾನೂನುಗಳ ಪರಿಭಾಷೆಯೂ ಈ ದೋಷದಿಂದ ಹೊರತಲ್ಲ. 1928ರ ಕೃಷಿ ಕುರಿತ ರಾಯಲ್ ಕಮಿಷನ್ ವರದಿ ಭಾರತದ ಮಾರುಕಟ್ಟೆಗಳಲ್ಲಿ ರೈತರ ಹಣದಿಂದ ಕಳೆಯುತ್ತಿದ್ದ ನಾನಾ ಬಗೆಯ ಮೊತ್ತಗಳನ್ನು ಗಮನಿಸಿ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. ಅಂಥ ಕಡಿತಗಳಿಗೆ ಕಾನೂನಿನಲ್ಲಿ ನೆಲೆಯಾದ ಹೆಸರು ‘ಟ್ರೇಡ್ ಅಲೋಯನ್ಸ್’. ‘ಅಲೋ’ ಎಂದರೆ ಅನುಮತಿಸು. ತಡೆಯಬೇಕಾದ ಕಡಿತವನ್ನು ಹೆಸರಿಸುವ ಪದವೇ ರೈತನನ್ನು ಅನುಮತಿಸಿದವನನ್ನಾಗಿ ಕಾಣಿಸುತ್ತದೆ. ಇದಕ್ಕೆ ಹೋಲಿಸಿದರೆ ಕನ್ನಡದ ‘ಕಡಿತ’ ಪ್ರಾಮಾಣಿಕ ಪದ. ಕಡಿಯುವ ಕ್ರಿಯೆ ಅದರಲ್ಲಿ ಎದ್ದು ಕಾಣುತ್ತದೆ. ಕಡಿಸಿಕೊಂಡದ್ದು ಯಾವುದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಕಲಬುರಗಿ ತೊಗರಿಯ ಜಿಲ್ಲೆ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ತೊಗರಿ ಬೆಳೆದವನ ಕೈಗೆ ಬರುವ ಲೆಕ್ಕದ ಪಟ್ಟಿ ಈ ಭಾಗದಲ್ಲಿ ಅತಿ ಹೆಚ್ಚು ಜನರಿಗೆ ಮುಟ್ಟುವ ಬರಹಗಳಲ್ಲಿ ಒಂದು. ಅದರ ಒಂದೊಂದು ಪದವೂ ಭಾಷಾವಿಜ್ಞಾನದ ಗಮನಕ್ಕೆ ಅರ್ಹ.

7. ನಿಘಂಟು ಮತ್ತು ಅನುವಾದಕ್ಕೆ ಕೆಲವು ಸೂಚನೆಗಳು

ಮೇಲಿನ ವಿಶ್ಲೇಷಣೆಯಿಂದ ಮೂರು ಸೂಚನೆಗಳು ಹೊರಡುತ್ತವೆ.

ಮೊದಲನೆಯದು, ಬೆಲೆ ಇಳಿಕೆಯ ಪದಗಳನ್ನು ಒಂದರ ಮುಂದೊಂದು ಸಮಾನಾರ್ಥಕಗಳಂತೆ ಪಟ್ಟಿ ಮಾಡುವ ನಿಘಂಟು ಪದ್ಧತಿ ಸಾಲದು. ಇಳಿಕೆಗೆ ಆಧಾರವಾದ ಬೆಲೆ ಮೊದಲೇ ಬರೆದದ್ದೇ, ಮಾತಿನಲ್ಲಿ ಮೂಡಿದ್ದೇ? ಇಳಿಸುವ ಅಧಿಕಾರ ಯಾರದು? ನಷ್ಟ ಯಾರಿಗೆ? ಈ ಮೂರು ಪ್ರಶ್ನೆಗಳಿಂದ ಪದಗಳನ್ನು ಬೇರ್ಪಡಿಸಬಹುದು. ಡಿಸ್ಕೌಂಟ್: ಬರೆದ ಬೆಲೆ, ಮಾರುವವನ ಘೋಷಣೆ. ಬಿಡು: ಮಾತಿನ ಬೆಲೆ, ಕೊಳ್ಳುವವನ ಕೋರಿಕೆ. ರಿಯಾಯಿತಿ: ನಿಗದಿತ ದರ, ಸಂಸ್ಥೆಯ ಕೃಪೆ. ಸೂಟು: ಬಾಕಿಯಿರುವ ಲೆಕ್ಕ, ಅದನ್ನು ಮುಗಿಸುವ ಕೈಯಲ್ಲಿ ಅಧಿಕಾರ, ನಷ್ಟ ಕ್ರಿಯಾಪದದಿಂದ ತಿಳಿಯತಕ್ಕದ್ದು.

ಎರಡನೆಯದು, ಇಂಥ ಪದಗಳ ನಮೂದಿನಲ್ಲಿ ಸಹಪ್ರಯೋಗದ ಕ್ರಿಯಾಪದಗಳನ್ನು ಕೊಡುವುದು ಅಲಂಕಾರವಲ್ಲ, ಅಗತ್ಯ. ‘ಸೂಟು ಕೊಡು’ ಮತ್ತು ‘ಸೂಟು ತೆಗೆ’ ಎರಡು ಬೇರೆ ನಮೂದುಗಳಾಗುವಷ್ಟು ದೂರ ನಿಂತಿವೆ.

ಮೂರನೆಯದು, ಲೆಕ್ಕದ ಪಟ್ಟಿ, ರಸೀದಿ, ಅರ್ಜಿ ನಮೂನೆಗಳನ್ನು ಕನ್ನಡಿಸುವವರು ಬರಿಯ ನಾಮಪದಕ್ಕೆ ನಾಮಪದವನ್ನು ಹುಡುಕಬಾರದು. ‘ಸೂಟು’ ಎಂಬ ತಲೆಬರಹದ ಬದಲು ‘ರೈತರ ತೂಕದಿಂದ ಕಳೆದದ್ದು’ ಎಂದು ಬರೆದರೆ ಅಂಕಣ ಸ್ವಲ್ಪ ಅಗಲವಾದೀತು, ಅರ್ಥ ಅಳಿಯುವುದಿಲ್ಲ.

8. ಸಮಾರೋಪ

‘ಡಿಸ್ಕೌಂಟ್’ ಕನ್ನಡಕ್ಕೆ ಬಂದದ್ದು ಕನ್ನಡದಲ್ಲಿ ಪದವಿಲ್ಲದ್ದರಿಂದಲ್ಲ. ಬರೆದ ಬೆಲೆಯ ಸುತ್ತ ನಡೆಯುವ, ಕೇಳದೆಯೇ ಸಿಗುವ, ಯಾರ ಮುಖವನ್ನೂ ನೋಡದ ಒಂದು ಹೊಸ ವ್ಯವಹಾರ ಬಂದಿತು. ಅದರೊಂದಿಗೆ ಅದರ ಪದವೂ ಬಂದಿತು. ‘ಬಿಡು’ ಎಂಬ ಹಳೆಯ ಮಾತು ಸಂತೆಯಲ್ಲಿ, ‘ರಿಯಾಯಿತಿ’ ಪ್ರಕಟಣೆಗಳಲ್ಲಿ, ‘ಸೂಟು’ ಲೆಕ್ಕದಲ್ಲಿ ತಮ್ಮತಮ್ಮ ಕೆಲಸ ಮುಂದುವರಿಸಿವೆ. ಮೂರು ಭಾಷೆಗಳ ಗಡಿಯಲ್ಲಿ ನಿಂತ ಒಂದು ಊರಿನ ಮಾತನ್ನು ಗಮನಿಸಿದಾಗ ಈ ಹಂಚಿಕೆ ಸ್ಪಷ್ಟವಾಗುತ್ತದೆ. ಹಣದ ಪದಗಳ ಅಧ್ಯಯನದಲ್ಲಿ ಮೊದಲು ಕೇಳಬೇಕಾದ್ದು ‘ಎಷ್ಟು ಇಳಿಯಿತು’ ಎಂದಲ್ಲ, ‘ಯಾರು ಬಿಟ್ಟರು’ ಎಂದು. ಕನ್ನಡದ ಕ್ರಿಯಾಪದಗಳು ಆ ಪ್ರಶ್ನೆಗೆ ಉತ್ತರ ಕೊಡುತ್ತವೆ. ನಮ್ಮ ನಿಘಂಟುಗಳೂ ನಮೂನೆಗಳೂ ಅದನ್ನು ಬರೆದಿಡಬೇಕಾಗಿದೆ.